ಬಿಸಿ ಬ್ರೆಡ್ಡೂ ಭುಜಂಗರಾಯರೂ

ಕನ್ನಡದಲ್ಲಿ 'ನೋಡುವುದು' ಬೇರೆ, 'ನೋಡಿಕೊಳ್ಳುವುದು' ಬೇರೆ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ಯಾರೂ ಸರಿಯಾಗಿ ಗಮನಿಸದೆ ಹೋದದ್ದರಿಂದ, ಡೊಂಬಿವಲಿ ಪೂರ್ವದ ನವಕಿರಣ ಹೌಸಿಂಗ್ ಸೊಸೈಟಿಯ ಭುಜಂಗರಾಯರು ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ, ಊರವರೆಲ್ಲರ ಎದುರು, ಮೊಣಕೈವರೆಗೂ ಬ್ರೆಡ್ಡು ಮೆತ್ತಿಕೊಂಡು ನಿಲ್ಲಬೇಕಾಯಿತು.

ರಾಯರಿಗೆ ಹೆಣ್ಣು ಹುಡುಕುತ್ತಿದ್ದ ಕಾಲದಲ್ಲಿ ಉಡುಪಿಯ ಮಧ್ಯಸ್ಥರೊಬ್ಬರು ಹುಡುಗಿಯ ತಂದೆಗೆ, "ಹುಡುಗ ಮುಂಬಯಿ ಕಡೆ ರಬಾಳೆಯಲ್ಲಿದ್ದಾನೆ. ದೊಡ್ಡ ಬ್ರೆಡ್ ಫ್ಯಾಕ್ಟರಿ. ಬ್ರೆಡ್ ಕತ್ತರಿಸುವ ಮಷೀನು ನೋಡಿಕೊಳ್ತಾನೆ" ಎಂದರು. ರಾಯರು ನಿಜವಾಗಿ ಇದ್ದದ್ದು ಆ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂದು ಗಮನಿಸುವ ಕೆಲಸ. ಆ ಕೋಣೆಗೆ ಒಂದು ದೊಡ್ಡ ಗಾಜಿನ ಕಿಟಕಿ. ಗಾಜಿನ ಆಚೆ ಬ್ರೆಡ್ ಕತ್ತರಿಸುವ ಮಷೀನು. ರಾಯರು ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ನಿವೃತ್ತಿಯಾಗುವವರೆಗೂ ನೋಡಿದರು. ಮಧ್ಯಸ್ಥರು ಅದಕ್ಕೆ ಒಂದು 'ಕೊಳ್ಳು' ಸೇರಿಸಿದ್ದರು, ಅಷ್ಟೆ.

ಆ 'ಕೊಳ್ಳು'ವನ್ನು ತೆಗೆದುಹಾಕಬೇಕು ಎಂದು ರಾಯರಿಗೂ ಇತ್ತು. ಮದುವೆ ಒಂದು ಮುಗಿಯಲಿ ಎಂದುಕೊಂಡರು. ಮುಗಿಯಿತು. ಹೆಂಡತಿ ಮುಕ್ತಾ ಆಗ ವಾಸವಿದ್ದ ಚಾಳಿನ ಸಾಲುಮನೆಗಳ ಹೆಂಗಸರ ಮುಂದೆ, "ನಮ್ಮವರು ಇಲ್ಲದಿದ್ರೆ ಇಡೀ ಮುಂಬಯಿಗೆ ಸ್ಲೈಸ್ ಇಲ್ಲ" ಎಂದು ಹೇಳುವುದನ್ನು ಕೇಳಿದ ಮೇಲೆ ಧೈರ್ಯ ಬರಲಿಲ್ಲ. ಹೇಳಿಕೊಂಡೇ ಬಂದ ಮಾತನ್ನು ಅಲ್ಲ ಎನ್ನುವುದು ಅವಳಿಗೆ ಅವಮಾನವಲ್ಲವೇ ಎಂದು ಯೋಚಿಸಿ, ಹೆಂಡತಿಯ ಮರ್ಯಾದೆಗಾಗಿ ಸುಮ್ಮನಾದರು.

ಸುಮ್ಮನಿರುವ ಮನುಷ್ಯನನ್ನು ಜನ ಎಂಜಿನಿಯರ್ ಎಂದು ಬೇಗ ನಂಬುತ್ತಾರೆ. ಸೊಸೈಟಿಯ ಲಿಫ್ಟು ನಿಂತರೆ, ನೀರಿನ ಪಂಪು ಕಿರುಚಿದರೆ, ಯಾರದೋ ಮಿಕ್ಸರ್ ಬೆಚ್ಚಗಾದರೆ ರಾಯರನ್ನೇ ಕರೆಯುತ್ತಿದ್ದರು. ರಾಯರು ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಬೇರಿಂಗ್" ಎನ್ನುತ್ತಿದ್ದರು. ಆಮೇಲೆ ಮೆಕ್ಯಾನಿಕ್ ಬಂದು ಬಿಚ್ಚಿದರೆ ಎಷ್ಟೋ ಸಲ ನಿಜವಾಗಿಯೂ ಬೇರಿಂಗೇ ಹೋಗಿರುತ್ತಿತ್ತು. ಹೋಗಿರದಿದ್ದರೆ, ಬಿಚ್ಚಿದ್ದೇ ಆಯಿತಲ್ಲ ಎಂದು ಮೆಕ್ಯಾನಿಕ್ ಅದನ್ನು ಬದಲಿಸುತ್ತಿದ್ದ. ಸೊಸೈಟಿಯ ಸೆಕ್ರೆಟರಿ ಗುಪ್ತೆಯವರು ಇದನ್ನು ಕಂಡು, ಮನುಷ್ಯನಿಗೆ ಇಂಥ ಕಿವಿ ಇರಬೇಕು ಎಂದು ಮೀಟಿಂಗಿನಲ್ಲೇ ಹೇಳಿದ್ದರು.

ಹಾಗೆಂದು ರಾಯರಿಗೆ ಆ ಮಷೀನಿನ ಮೇಲಿದ್ದ ಪ್ರೀತಿ ಸುಳ್ಳಲ್ಲ. ಠಾಣೆಯವರೆಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು, ಅಲ್ಲಿಂದ ಬಸ್ಸು ಹಿಡಿದು, ರಬಾಳೆಯಲ್ಲಿ ಇಳಿದು ನಡೆಯುವಾಗ ಕೆಮಿಕಲ್ ಕಂಪೆನಿಗಳ ಘಾಟಿನ ನಡುವೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಬ್ರೆಡ್ಡಿನ ಪರಿಮಳ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಕಿಟಕಿಯ ಆಚೆ ಕಂದು ಬಣ್ಣದ ಇಡೀ ಬ್ರೆಡ್ಡುಗಳು ಸಾಲಾಗಿ ಬಂದು, ಬ್ಲೇಡುಗಳ ನಡುವೆ ಹೊಕ್ಕು, ಆಚೆ ಬದಿಯಿಂದ ಹಾಗೆಯೇ ಇಡಿಯಾಗಿ ಹೊರಬರುತ್ತಿದ್ದವು. ಕತ್ತರಿಸಿದ್ದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಪ್ಯಾಕಿಂಗಿನ ಹೆಂಗಸು ಕೈಗೆತ್ತಿಕೊಂಡಾಗ ಮಾತ್ರ ಇಸ್ಪೀಟಿನ ಕಟ್ಟಿನ ಹಾಗೆ ಒಂದಿಷ್ಟು ಬಾಗುತ್ತಿತ್ತು. ಅದು ಬಾಗುವುದನ್ನು ನೋಡಲೆಂದೇ ರಾಯರು ಪೆನ್ನು ಕೆಳಗಿಡುತ್ತಿದ್ದರು. ಶನಿವಾರ ಸಂಜೆ ಅಂಚಿನ ತುಂಡುಗಳ ಪೊಟ್ಟಣ ಮನೆಗೆ ತಂದರೆ ಚಾಳಿನ ಮಕ್ಕಳೆಲ್ಲ ಲೋಟದಲ್ಲಿ ಹಾಲು ಹಿಡಿದು ಬಾಗಿಲಲ್ಲೇ ಕೂತಿರುತ್ತಿದ್ದರು. ಆ ಚಾಳು ಈಗಿಲ್ಲ. ಫ್ಯಾಕ್ಟರಿಯೂ ಇಲ್ಲ, ಅಲ್ಲೀಗ ಗೋದಾಮು. ರಾಯರು ಒಬ್ಬರೇ ಉಳಿದಿದ್ದರು, 'ಕೊಳ್ಳು' ಸಮೇತ.

ಹೀಗಿರುವಾಗ ಒಂದು ದಿನ ಮುಕ್ತಾಳ ತಮ್ಮ ಹಯಗ್ರೀವ ಭಟ್ಟರು ಫೋನು ಮಾಡಿದರು. ಭಟ್ಟರದು ಠಾಕುರ್ಲಿ ಸ್ಟೇಷನ್ನಿನ ಎದುರು ಶಾಕಾಹಾರಿ ಹೋಟೆಲು. ಮಗಳು ಸಂಜನಾ ಬೇಕರಿ ಕೆಲಸ ಕಲಿತು ಬಂದು, ಹೋಟೆಲಿನ ಪಕ್ಕದ ಮೂಲೆಯಲ್ಲಿ ಮೊಟ್ಟೆ ಹಾಕದ ಬ್ರೆಡ್ಡು ಮಾಡುತ್ತೇನೆಂದು ಹಟ ಹಿಡಿದಿದ್ದಳು.

"ಭಾವ, ಇವಳು ರಬಾಳೆಯಿಂದ ಒಂದು ಹಳೇ ಸ್ಲೈಸಿಂಗ್ ಮಷೀನು ತಂದು ಇಳಿಸಿದ್ದಾಳೆ ಮಾರಾಯ್ರೆ! ಕೊಟ್ಟವ ಟೆಂಪೋದಿಂದ ಇಳಿಸಿ ಓಡಿದ. ಹೇಗೆ ಓಡಿಸುದು ಅಂತ ಒಬ್ಬರಿಗೂ ಗೊತ್ತಿಲ್ಲ. ದೀಪಾವಳಿಯವರೆಗೆ ನೋಡ್ತೇನೆ. ಬೇಕರಿ ಆಗ್ಲಿಲ್ಲ ಅಂದ್ರೆ ಆ ಜಾಗ ಮೊಬೈಲಿನವನಿಗೆ ಬಾಡಿಗೆಗೆ ಕೊಡುದೇ. ನೀವೊಮ್ಮೆ ಬನ್ನಿ."

"ನನಗೆ ಮೊಣಕಾಲು ನೋವು ಹಯಗ್ರೀವ" ಎಂದರು ರಾಯರು.

ಮುಕ್ತಾ ಫೋನು ಕಿತ್ತುಕೊಂಡಳು. "ಎಂತ ಮೊಣಕಾಲು? ಮಷೀನು ಕೈಯಲ್ಲಿ ಓಡಿಸುದಲ್ವಾ? ಬರ್ತಾರೆ, ನಾಳೆಯೇ ಬರ್ತಾರೆ."

ಗುಪ್ತೆಯವರೂ ಹೊರಟರು. ಅವರಿಗೆ ಅಲ್ಲೇನೂ ಕೆಲಸವಿರಲಿಲ್ಲ. ಅದಕ್ಕೇ ಬಂದದ್ದು.

ಮಷೀನು ಸೊಂಟದೆತ್ತರದ ಸ್ಟೀಲಿನ ಕಪಾಟಿನ ಹಾಗಿತ್ತು. ನಡುವೆ ವೀಣೆಯ ತಂತಿಗಳ ಹಾಗೆ ನೆಟ್ಟಗೆ ನಿಂತ ಗರಗಸದ ಹಲ್ಲಿನ ಬ್ಲೇಡುಗಳು, ಹಿಂದಿನಿಂದ ಬ್ರೆಡ್ಡನ್ನು ತಳ್ಳಲು ಒಂದು ಹಿಡಿ, ಕೆಳಗೆ ಪುಡಿ ಬೀಳುವ ತಟ್ಟೆ. ಹೋಟೆಲಿನ ಗಿರಾಕಿಗಳು ಚಹಾದ ಲೋಟ ಹಿಡಿದುಕೊಂಡೇ ಸುತ್ತ ಸೇರಿದರು. ರಾಯರು ಗಂಟಲು ಸರಿಮಾಡಿಕೊಂಡರು. ಇಷ್ಟು ವರ್ಷ ಗಾಜಿನ ಈಚೆಯಿಂದ ಕಂಡದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಇದರಲ್ಲಿ ಎರಡು ಚೌಕಟ್ಟು. ಒಂದು ಬ್ಲೇಡು ಈ ಚೌಕಟ್ಟಿನದ್ದು, ಪಕ್ಕದ ಬ್ಲೇಡು ಆ ಚೌಕಟ್ಟಿನದ್ದು. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರ್ತದೆ. ಎರಡೂ ಒಟ್ಟಿಗೆ ಮೇಲೆ ಹೋದ್ರೆ ಬ್ರೆಡ್ಡೂ ಒಟ್ಟಿಗೆ ಹಾರ್ತದೆ. ಒಂದು ಮೇಲೆ ಎಳೆದದ್ದನ್ನು ಇನ್ನೊಂದು ಕೆಳಗೆ ಎಳೀತದೆ. ಹಾಗಾಗಿ ಬ್ರೆಡ್ಡು ಕೂತಲ್ಲೇ ಕೂತಿರ್ತದೆ."

"ಅಗದೀ ಆಪಲ್ಯಾ ಕಮಿಟೀ ಸಾರಖಂ!" ಎಂದರು ಗುಪ್ತೆಯವರು. ನಮ್ಮ ಕಮಿಟಿಯ ಹಾಗೆಯೇ ಎಂಬ ಅವರ ಮಾತಿಗೆ ಎಲ್ಲರೂ ನಕ್ಕರು.

ರಾಯರು ಹಸಿರು ಗುಂಡಿ ಒತ್ತಿದರು. ಮಷೀನು ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ರಾಯರಿಗೆ ಬೇರೆ ದಾರಿ ಕಾಣಲಿಲ್ಲ. ಬಗ್ಗಿ, ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಬೇರಿಂಗ್" ಎಂದರು. ಅದೇ ಹೊತ್ತಿಗೆ ಸಂಜನಾ ಪಕ್ಕದಲ್ಲಿ ತೆರೆದೇ ಇದ್ದ ಮುಚ್ಚಳವನ್ನು ಕಂಡು ಮೆಲ್ಲಗೆ ಮುಚ್ಚಿ ಗುಂಡಿ ಒತ್ತಿದಳು. ಮುಚ್ಚಳ ಹಾಕದೆ ಓಡದಂತೆ ಆ ಮಷೀನನ್ನು ಮಾಡಿದ್ದರು. ಅದು ಗರ್ರ್ ಎಂದು ಎದ್ದಿತು.

"ನೋಡಿದ್ರಾ! ಕಿವಿ ಇಟ್ಟದ್ದೇ ತಡ!" ಎಂದು ಭಟ್ಟರು ಕೂಗಿದರು.

ಸಂಜನಾ ಹಿಂದಿನ ದಿನದ ಒಂದು ಬ್ರೆಡ್ಡು ಇಟ್ಟು ಹಿಡಿ ತಳ್ಳಿದಳು. ಬ್ರೆಡ್ಡು ಒಳಗೆ ಹೊಕ್ಕು ಆಚೆ ಬಂತು. ಎತ್ತಿದಾಗ ಇಸ್ಪೀಟಿನ ಹಾಗೆ ಬಾಗಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮುಕ್ತಾ ಸೆರಗು ಸರಿಮಾಡಿಕೊಂಡು ಸುತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ಇಡೀ ಮುಂಬಯಿಯ ಸ್ಲೈಸುಗಳ ಒಡೆತನವಿತ್ತು. ರಾಯರು ಹೆದರಿ ಕಣ್ಣು ಮುಚ್ಚಿದ್ದರಿಂದ ಅವರೊಬ್ಬರಿಗೆ ಏನೂ ಕಾಣಲಿಲ್ಲ.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಭಟ್ಟರಿಗೆ ಹುರುಪು ಹತ್ತಿತು. ಶ್ರಾವಣದ ಭಾನುವಾರ ಉದ್ಘಾಟನೆ ಎಂದು ಸಾರಿದರು. ಕನ್ನಡ ಸಂಘದ ಅಧ್ಯಕ್ಷ ಜಯಶೀಲ ಶೆಟ್ಟರನ್ನು ಕರೆದರು. ಹೋಟೆಲಿನ ಮುಂದೆ ಬ್ಯಾನರು ಹಾಕಿಸಿದರು. ಅದರಲ್ಲಿ ಸಂಜನಾಳ ಹೆಸರು ಸಣ್ಣದಾಗಿ, 'ಯಂತ್ರತಜ್ಞ ಶ್ರೀ ಭುಜಂಗರಾವ್ ಅವರಿಂದ ಪ್ರಾತ್ಯಕ್ಷಿಕೆ' ಎಂಬುದು ದೊಡ್ಡದಾಗಿ ಇತ್ತು. ಅದನ್ನು ಓದಿ ಓದಿ ರಾಯರಿಗೂ, ತಾನು ಯಂತ್ರತಜ್ಞನೇ ಇರಬಹುದು, ಇಷ್ಟು ದಿನ ತನಗೇ ತಿಳಿದಿರಲಿಲ್ಲ ಎಂದು ಅನ್ನಿಸತೊಡಗಿತು. ಅನಾಹುತ ಶುರುವಾದದ್ದು ಅಲ್ಲಿ.

ಉದ್ಘಾಟನೆಯ ದಿನ ಹೋಟೆಲು ತುಂಬಿತ್ತು. ಸಂಜನಾ ಬೆಳಿಗ್ಗೆ ಬೇಯಿಸಿ ಆರಿಸಿಟ್ಟಿದ್ದ ಬ್ರೆಡ್ಡುಗಳನ್ನು ತಂದು ಮಷೀನಿನ ಪಕ್ಕ ಜೋಡಿಸುತ್ತಿದ್ದಳು. ರಾಯರು ಒಂದನ್ನು ಮುಟ್ಟಿ ನೋಡಿ ಮುಖ ಹಿಂಡಿದರು.

"ಇದೆಂತ ತಣ್ಣಗೆ? ಅಧ್ಯಕ್ಷರಿಗೆ ತಣ್ಣನೆ ಬ್ರೆಡ್ಡು ಕೊಡುದಾ? ಈಗ ಒಲೆಯಲ್ಲಿರುವುದನ್ನು ತೆಗಿ."

"ಮಾವ, ಗರಮ್ ಬ್ರೆಡ್ ನಹೀ ಕಟೇಗಾ. ಠಂಡಾ ಹೋನಾ ಪಡ್ತಾ ಹೈ" ಎಂದಳು ಸಂಜನಾ. ಕನ್ನಡ ಅರ್ಥವಾದರೂ ಅವಳ ಬಾಯಿಗೆ ಹಿಂದಿಯೇ ಬರುತ್ತಿತ್ತು. ಬಿಸಿ ಬ್ರೆಡ್ಡು ಮಷೀನಿಗೆ ಆಗುವುದಿಲ್ಲ, ಆರಬೇಕು ಎಂದು ಅವಳು ಕಲಿತಿದ್ದಳು.

"ನಾನು ನೋಡದ ಬ್ರೆಡ್ಡಾ ಮಗಾ? ರಬಾಳೆಯಲ್ಲಿ ಒಲೆಯಿಂದ ಬಂದದ್ದು ಬೆಲ್ಟಿನ ಮೇಲೆ ಸೀದಾ ಮಷೀನಿಗೇ ಬರ್ತಿತ್ತು."

"ಸೀದಾ?"

"ಸೀದಾ ಅಂದ್ರೆ, ಮೊದಲು ಮಾಡಿನ ಕೆಳಗೆ ಒಂದು ಸುತ್ತು ಹೋಗ್ತಿತ್ತು. ಆಮೇಲೆ ಇನ್ನೊಂದು ಸುತ್ತು. ಹಾಗೇ ತಿರುಗಿ ತಿರುಗಿ ಕೆಳಗೆ ಇಳೀತಿತ್ತು."

"ಕ್ಯೋಂ ಘೂಮ್‌ತಾ ಥಾ, ಮಾವ?"

ಬ್ರೆಡ್ಡು ಯಾಕೆ ಸುತ್ತುತ್ತಿತ್ತು ಎಂದು ರಾಯರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. "ದೊಡ್ಡ ಫ್ಯಾಕ್ಟರಿ. ಜಾಗ ಇತ್ತು. ಸುತ್ತಿಸ್ತಿದ್ರು" ಎಂದರು. ಭಟ್ಟರು ಮಗಳಿಗೆ, "ದೊಡ್ಡವರು ಹೇಳಿದ ಹಾಗೆ ಮಾಡು" ಎಂದು ಗದರಿದರು.

ಒಲೆಯಿಂದ ಬಿಸಿ ಬ್ರೆಡ್ಡು ಬಂತು. ಆ ಪರಿಮಳಕ್ಕೆ ಶೆಟ್ಟರು ಭಾಷಣವನ್ನು ಅರ್ಧದಲ್ಲೇ ನಿಲ್ಲಿಸಿದರು. ರಾಯರು ಮಷೀನು ಶುರು ಮಾಡಿ, ಬ್ರೆಡ್ಡು ಇಟ್ಟು, ಹಿಡಿ ತಳ್ಳಿದರು. ಅದು ಮುಂದೆ ಹೋಗಲಿಲ್ಲ. ಒಳಗಿನ ಮೆತ್ತನೆಯ ತಿರುಳು ಬ್ಲೇಡುಗಳಿಗೆ ಅಂಟಿಕೊಂಡಿತು. ಮೇಲೆ ಹೋಗುವ ಬ್ಲೇಡು ಅದನ್ನು ಮೇಲಕ್ಕೆಳೆಯಿತು, ಕೆಳಗೆ ಬರುವುದು ಕೆಳಕ್ಕೆಳೆಯಿತು. ಬ್ರೆಡ್ಡು ಒಮ್ಮೆ ಉಬ್ಬಿ, ಒಮ್ಮೆ ಕುಸಿದು, ಉಸಿರಾಡುವ ಪ್ರಾಣಿಯಂತೆ ಕಂಡಿತು. ಹಿಂದಿನಿಂದ ಇನ್ನೊಂದು ಬ್ರೆಡ್ಡು ಕೊಟ್ಟರೆ ಮೊದಲಿನದ್ದು ಹೋದೀತೆಂದು ರಾಯರು ಇನ್ನೊಂದನ್ನು ಇಟ್ಟು ಒತ್ತಿದರು. ಆಚೆ ಬದಿಯಿಂದ ಏನೋ ಬಂತು. ಅದನ್ನು ಸ್ಲೈಸ್ ಎನ್ನಲು ಕನ್ನಡ ಸಂಘದವರಿಗೂ ಮನಸ್ಸಾಗಲಿಲ್ಲ.

"ಹೇ ಕಾಯ್, ಪಾವ್ ಕೀ ಶಿರಾ?" ಇದು ಬ್ರೆಡ್ಡೋ ಸಜ್ಜಿಗೆಯೋ ಎಂದು ಗುಪ್ತೆಯವರು ಕುತೂಹಲದಿಂದ ಕೇಳಿದರು.

ಬೆಲ್ಟು ಜಾರಿ ಕೀರಲು ಕೂಗಿತು, ಸುಟ್ಟ ರಬ್ಬರಿನ ವಾಸನೆ ಬಂತು. ಸಂಜನಾ ಸ್ವಿಚ್ಚು ಆರಿಸಿ, ಗೋಡೆಯ ಪ್ಲಗ್ಗನ್ನೂ ಕಿತ್ತಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ರಾಯರು ಮುಚ್ಚಳ ತೆಗೆದು ಎರಡೂ ಕೈ ಹಾಕಿ ಆ ಮುದ್ದೆಯನ್ನು ಎಳೆಯತೊಡಗಿದರು. ಸದ್ಯ, ಅದು ಎಷ್ಟು ದಪ್ಪಗೆ ಮೆತ್ತಿತ್ತೆಂದರೆ ಬ್ಲೇಡು ಕೈಗೆ ಸಿಗುವ ಹಾಗೇ ಇರಲಿಲ್ಲ. ಭಟ್ಟರು ಮಗಳ ಕಡೆ ತಿರುಗಿ, "ನಾನು ಆವತ್ತೇ ಹೇಳಿದೆ, ಈ ಬ್ರೆಡ್ಡು ಗಿಡ್ಡು ನಮಗಲ್ಲ ಅಂತ. ನಾಳೆಯೇ ಮೊಬೈಲಿನವನನ್ನು ಕರೀತೇನೆ" ಎಂದರು.

ಆಗ ರಾಯರಿಗೆ ತಡೆಯಲಾಗಲಿಲ್ಲ. ಬ್ರೆಡ್ಡು ಮೆತ್ತಿದ ಎರಡು ಕೈಗಳನ್ನೂ ಎತ್ತಿ ಗಟ್ಟಿಯಾಗಿ ಹೇಳಿದರು:

"ಹಯಗ್ರೀವ, ಅವಳದ್ದು ತಪ್ಪಿಲ್ಲ. ಅವಳು ಬೇಡ ಅಂದಳು. ನನಗೇ ಏನೂ ಗೊತ್ತಿಲ್ಲ. ನಾನು ಟೈಮ್ ಆಫೀಸಿನಲ್ಲಿದ್ದವ. ಮಷೀನನ್ನು ಕಿಟಕಿಯಿಂದ ನೋಡಿದ್ದು ಬಿಟ್ರೆ ಒಂದು ದಿನ ಮುಟ್ಟಿದವನಲ್ಲ. ಅದು ಸುತ್ತುತ್ತಿದ್ದದ್ದು ಆರಲಿಕ್ಕೆ! ಈಗ ಗೊತ್ತಾಯ್ತು, ಆರಲಿಕ್ಕೆ ಸುತ್ತಿಸ್ತಿದ್ರು!"

ಗಿರಾಕಿಗಳು ಲೋಟ ಕೆಳಗಿಟ್ಟರು. ಆಮೇಲೆ ಜಯಶೀಲ ಶೆಟ್ಟರು ಎದ್ದು ನಿಂತರು.

"ನೋಡಿ, ಇದು ದೊಡ್ಡತನ! ಮಗಳ ಹಾಗಿರುವ ಹುಡುಗಿಯ ಮಾನ ಉಳಿಸಲಿಕ್ಕೆ ತನ್ನ ಇಡೀ ಸರ್ವಿಸ್ಸನ್ನೇ ಇಲ್ಲ ಅಂದುಬಿಟ್ರಲ್ಲ!"

"ಅಲ್ಲ ಶೆಟ್ರೆ, ನಿಜ ಹೇಳ್ತಿದ್ದೇನೆ..."

"ಸಾಕು ಭಾವ" ಎಂದು ಭಟ್ಟರು ಬಂದು ಅವರ ಮೊಣಕೈ ಹಿಡಿದರು. ಹಿಡಿದ ಕೈಯೂ ಅಂಟಿಕೊಂಡಿತು. "ನನಗೆ ನಾಚಿಕೆಯಾಯ್ತು. ನೀವು ಇಷ್ಟು ದೊಡ್ಡ ಮಾತಾಡಿದ ಮೇಲೆ ನಾನು ಆ ಜಾಗ ಬೇರೆಯವರಿಗೆ ಕೊಟ್ರೆ ಮನುಷ್ಯನಾ? ಬೇಕರಿ ಇಲ್ಲೇ ಇರ್ತದೆ."

"ಹಯಗ್ರೀವ, ದೇವರಾಣೆಗೂ ನಾನು ಟೈಮ್ ಆಫೀಸು!"

"ಇನ್ನೂ ಹೇಳ್ತಾರಲ್ಲ!" ಎಂದು ಶೆಟ್ಟರು ಕಣ್ಣೊರೆಸಿಕೊಂಡರು. ಗುಪ್ತೆಯವರು ಚಪ್ಪಾಳೆ ಶುರು ಮಾಡಿದರು. ರಾಯರು ನಿಜ ಹೇಳಿದಷ್ಟೂ ಚಪ್ಪಾಳೆ ಜೋರಾಯಿತು. ಕೊನೆಗೆ ಅವರು ಸುಮ್ಮನಾದರು. ನಿಜಕ್ಕೆ ಇಷ್ಟು ಮರ್ಯಾದೆ ಇದೆ ಎಂದು ಮೊದಲೇ ಗೊತ್ತಿದ್ದರೆ ಎಂದೋ ಹೇಳಿಬಿಡುತ್ತಿದ್ದರು.

ಮಷೀನು ತೊಳೆದು, ಬೆಲ್ಟು ಕೂರಿಸುವವರೆಗೆ ಯಾರೂ ಏಳಲಿಲ್ಲ. ಭಟ್ಟರು ಎಲ್ಲರಿಗೂ ಉಪ್ಪಿಟ್ಟು ಕೊಡಿಸಿದರು. ಒಳಗೆ ರಾಯರು ಸಂಜನಾಳ ಜೊತೆ ಕೂತು ಮರದ ಕಡ್ಡಿಯಿಂದ ಬ್ಲೇಡುಗಳಿಗೆ ಅಂಟಿದ್ದನ್ನು ಒಂದೊಂದಾಗಿ ಕೆರೆದು ತೆಗೆಯುತ್ತಿದ್ದರೆ, ಹೊರಗೆ ಮಾತು ಹಳೆಯ ಕಾಲಕ್ಕೆ ಹೋಯಿತು. ಊರಿನಲ್ಲಿ ಬ್ರೆಡ್ಡೆಂದರೆ ಜ್ವರ ಬಂದವರಿಗೆ ಮಾತ್ರ ಸಿಗುತ್ತಿದ್ದದ್ದು, ಅದಕ್ಕಾಗಿ ತಾವು ಥರ್ಮಾಮೀಟರನ್ನು ಬಿಸಿ ಕಾಫಿಗೆ ಅದ್ದಿದ್ದು, ಅದು ಒಡೆದು ತಂದೆ ಬಾರಿಸಿದ್ದು, ಇದನ್ನೆಲ್ಲ ಶೆಟ್ಟರು ಹೇಳಿದರು. ಬಾರಿಸಿದ ನೋವಿಗೆ ಜ್ವರ ಬಂದು ಕೊನೆಗೂ ಬ್ರೆಡ್ಡು ಸಿಕ್ಕಿತಂತೆ. ಗುಪ್ತೆಯವರ ತಾಯಿ ಬ್ರೆಡ್ಡನ್ನು ಸೀರೆಯ ದಾರದಿಂದ ಕತ್ತರಿಸುತ್ತಿದ್ದರಂತೆ. ಅವರು ಗಾಳಿಯಲ್ಲೇ ದಾರ ಹಿಡಿದು ತೋರಿಸಿದರು, ತೋರಿಸುತ್ತ ಸ್ವಲ್ಪ ಹೊತ್ತು ಕೈಯನ್ನು ಹಾಗೆಯೇ ನಿಲ್ಲಿಸಿಕೊಂಡರು. ಚಾಳಿನಲ್ಲಿ ಹಾಲಿನ ಲೋಟ ಹಿಡಿದು ಕೂರುತ್ತಿದ್ದ ಇಬ್ಬರು ಈಗ ತಲೆ ನರೆತು ಅಲ್ಲೇ ಕೂತಿದ್ದರು. ಅಂಚಿನ ತುಂಡಿನ ರುಚಿ ನಡುವಿನದ್ದಕ್ಕೆ ಎಂದೂ ಬರಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು.

ಬೆಳಿಗ್ಗೆ ಆರಿಸಿಟ್ಟಿದ್ದ ಬ್ರೆಡ್ಡನ್ನು ಸಂಜನಾ ರಾಯರ ಕೈಗೆ ಕೊಟ್ಟಳು. "ಮಾವ, ಆಪ್ ಹೀ ಕರೋ. ಧೀರೇ ಸೇ" ಎಂದಳು, ನೀವೇ ಮಾಡಿ, ಮೆಲ್ಲಗೆ ಎಂದು.

ಈ ಸಲ ರಾಯರು ಕಣ್ಣು ಮುಚ್ಚಲಿಲ್ಲ. ಹಿಡಿಯ ಮೂಲಕ ಬ್ಲೇಡುಗಳ ಸಣ್ಣ ನಡುಕ ಅಂಗೈಗೆ ಬರುತ್ತಿತ್ತು. ಗಾಜಿನ ಈಚೆ ಕೂತಿದ್ದಷ್ಟು ಕಾಲವೂ ಇದೊಂದು ಅವರಿಗೆ ಗೊತ್ತೇ ಇರಲಿಲ್ಲ. ಬ್ರೆಡ್ಡು ಆಚೆ ಬಂದಾಗ ಅವರೇ ಎರಡು ಕೈಯಲ್ಲಿ ಎತ್ತಿಕೊಂಡರು. ಅದು ಬಾಗಿತು. ಎಷ್ಟು ಹೊತ್ತಾದರೂ ಕೆಳಗಿಡದಿದ್ದುದನ್ನು ಕಂಡು ಸಂಜನಾಳೇ ಮೆಲ್ಲಗೆ ತೆಗೆದುಕೊಂಡು ಎಲ್ಲರಿಗೂ ಹಂಚಿದಳು.

ಹಿಂದಿರುಗುವಾಗ ಠಾಕುರ್ಲಿಯಿಂದ ಡೊಂಬಿವಲಿಗೆ ಒಂದೇ ಸ್ಟೇಷನ್ನು. ಭಾನುವಾರವಾದ್ದರಿಂದ ಇಬ್ಬರಿಗೂ ಕೂರಲು ಜಾಗ ಸಿಕ್ಕಿತ್ತು. ಮುಕ್ತಾ ಕೂತವಳೇ ಕೇಳಿದಳು:

"ನೀವು ಹೇಳಿದ್ದು ನಿಜವಾ?"

"ನಿಜ."

"ಟೈಮ್ ಆಫೀಸಾ?"

"ಟೈಮ್ ಆಫೀಸು."

ಮುಕ್ತಾ ಕಿಟಕಿಯ ಆಚೆ ನೋಡಿದಳು. ರಾಯರು ತಲೆ ತಗ್ಗಿಸಿ ಕಾದರು. ಇದ್ದಕ್ಕಿದ್ದ ಹಾಗೆ ಅವಳು ಪೂರ್ತಿ ಅವರ ಕಡೆ ತಿರುಗಿದಳು.

"ಹಾಗಾದ್ರೆ ಮದುವೆಯಾದ ಹೊಸತರಲ್ಲಿ ಬೆರಳಿಗೆ ಬ್ಯಾಂಡೇಜು ಕಟ್ಟಿಕೊಂಡು ಬಂದಿರಲ್ಲ, ಮಷೀನಿನ ಬ್ಲೇಡು ತಾಗಿತು ಅಂತ?"

"ಟೈಮ್ ಆಫೀಸಿನ ಬಾಗಿಲು."

"ಬಾಗಿಲಾ? ಬಾಗಿಲಿಗೆ ಸಿಕ್ಕಿದ ಬೆರಳಿಗೆ ನಾನು ಅಷ್ಟು ದಿನ ಅನ್ನ ಕಲಸಿ ಬಾಯಿಗೆ ಇಟ್ಟೆನಾ? ಹೊಸ ಮದುಮಗಳು, ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ನಗ್ತಿದ್ರು! ಬ್ಲೇಡಲ್ವಾ ಅಂತ ನಾನು ಸಹಿಸಿಕೊಂಡೆ!"

"ಬಾಗಿಲೂ ನೋಯ್ತದೆ ಮಾರಾಯ್ತಿ."

"ಮಾತಾಡ್ಬೇಡಿ. ನಾಳೆಯಿಂದ ನೀವು ನನಗೆ ಕಲಸಿ ತಿನ್ನಿಸಬೇಕು. ಸರಿಸಮ ಆಗುವವರೆಗೆ."

ಮಾತಿಗೆ ಹೇಳಿದ್ದಾಳೆ ಎಂದು ರಾಯರು ಎಣಿಸಿದ್ದರು. ಮರುದಿನ ಮಧ್ಯಾಹ್ನ ಅವಳು ಬಟ್ಟಲು ತಂದು ಅವರ ಮುಂದಿಟ್ಟು, ಎದುರಿಗೆ ಕೂತು, ಬಾಯಿ ತೆರೆದಳು. ರಾಯರು ಸಾರನ್ನ ಕಲಸಿ ಮೊದಲ ತುತ್ತು ಇಟ್ಟರು. ಉಪ್ಪು ಕಡಿಮೆ ಎಂದಳು. ಎರಡನೆಯದಕ್ಕೆ ತುತ್ತು ದೊಡ್ಡದಾಯಿತು ಎಂದಳು. ಮೂರನೆಯದರ ಹೊತ್ತಿಗೆ ಇಬ್ಬರಿಗೂ ನಗು ಬಂದು ಅರ್ಧ ಅನ್ನ ಸೀರೆಯ ಮೇಲೆ ಬಿತ್ತು. ಅದೇ ಗಳಿಗೆಗೆ ಗುಪ್ತೆಯವರು ತೆರೆದ ಬಾಗಿಲಿನಿಂದ ಇಣುಕಿದರು. ಕಂಡದ್ದನ್ನು ಕಂಡು, ಬೆರಳ ತುದಿಯಲ್ಲಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಸಂಜೆಯ ಹೊತ್ತಿಗೆ ಸುದ್ದಿ ಬಾಯಿಂದ ಬಾಯಿಗೆ ಬೆಳೆದು ಎಲ್ಲ ಮಹಡಿಗೂ ತಲುಪಿತ್ತು: ಉದ್ಘಾಟನೆಯಲ್ಲಿ ಮುಕ್ತಾಬಾಯಿಯ ಕೈ ಮಷೀನಿಗೆ ಸಿಕ್ಕಿದೆ, ಪಾಪ, ಗಂಡ ತುತ್ತು ಕೊಡುತ್ತಿದ್ದಾರೆ, ಮಾನಿನಿ, ಯಾರಿಗೂ ಹೇಳಿಲ್ಲ. ಹೆಂಗಸರು ಎಳನೀರು, ಮೋಸಂಬಿ ಹಿಡಿದು ಬಾಗಿಲು ಬಡಿಯತೊಡಗಿದರು.

ರಾಯರು ಗಾಬರಿಯಿಂದ ಎದ್ದರು. "ಹೋಗಿ ಹೇಳ್ತೇನೆ, ಏನೂ ಆಗಿಲ್ಲ ಅಂತ."

"ಕೂತ್ಕೊಳ್ಳಿ ಸುಮ್ಮನೆ" ಎಂದಳು ಮುಕ್ತಾ. ಕಪಾಟಿನಿಂದ ಒಂದು ಬಿಳಿ ಬಟ್ಟೆ ತೆಗೆದು, ಬಲಗೈಗೆ ಅಚ್ಚುಕಟ್ಟಾಗಿ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು, ಅದಕ್ಕೆ ಬೇಕಾದಷ್ಟೇ ನೋವು ಬರಿಸಿಕೊಂಡು, ಬಾಗಿಲು ತೆರೆದಳು.

"ಬನ್ನಿ ಬನ್ನಿ. ಏನಿಲ್ಲ, ಬ್ಲೇಡು ಸ್ವಲ್ಪ ತಾಗಿತು" ಎಂದಳು. "ಮಷೀನು ನೋಡಿಕೊಳ್ಳುದು ಅಂದ್ರೆ ಸುಮ್ಮನೆಯಾ?"